ಪುರೀತಾಳ ಒದ್ದೆ ಕೈ

ಇಂಜಿನಿಯರ್ ಪಲ್ಮಾರೆಸ್ ಸೋಮವಾರ ಬೆಳಿಗ್ಗೆ ಬಂದವನೇ ನಾಲ್ಕು ತೆಳ್ಳನೆಯ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, “ಇನ್ಮೇಲೆ ಈ ಆಫೀಸಲ್ಲಿ ಕಂಪ್ಯೂಟರ್ ಅನ್ನೋ ಹಳೇ ಕಬ್ಬಿಣ ಇರಲ್ಲ. ಎಲ್ಲ ಟ್ಯಾಬ್ಲೆಟ್ಟೇ” ಅಂದ. ಪುರೀತಾ ಮೊದಲಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಜಾಗ ಅಳೆಯೋಕೆ ಹೋಗೋ ಹುಡುಗರಿಗೆ ತಂದಿರಬೇಕು ಅಂದುಕೊಂಡಳು. ತನ್ನ ಹೆಸರಿನ ಚೀಟಿ ಅಂಟಿಸಿದ ಪೆಟ್ಟಿಗೆ ತನ್ನ ಮುಂದೆಯೇ ಬಂದು ಕೂತಾಗ ಅವಳು ಆ ಚೀಟಿಯನ್ನು ಎರಡೆರಡು ಸಲ ಓದಿದಳು.

ಇಲೋಯ್ಲೊ ಪಟ್ಟಣದಲ್ಲಿ, ಲಾ ಪಾಜ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಇರೋ ಕಚೇರಿ ಅದು. ಜಮೀನು ಅಳೆದು ನಕ್ಷೆ ಬರೆದುಕೊಡೋದು ಕೆಲಸ. ಅಪ್ಪ ಸತ್ತ ನಲವತ್ತು ದಿನಕ್ಕೇ ಪಾಲಿಗೆ ಕಿತ್ತಾಡೋ ಮಕ್ಕಳು, ಒಂದು ಗೇಣು ಬೇಲಿಗಾಗಿ ಕೋರ್ಟು ಹತ್ತೋ ನೆರೆಯವರು, ಎಲ್ಲರೂ ಕೊನೆಗೆ ಬಂದು ನಿಲ್ಲೋದು ಇಲ್ಲೇ. ಮೂವತ್ತೊಂದು ವರ್ಷದಿಂದ ಪುರೀತಾ ಇಲ್ಲಿ ನಕ್ಷೆ ಬರೀತಾ ಇದ್ದಳು. ಮೊದಲು ಮಸಿಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಗಂಡ ಇಲ್ಲ, ಮಕ್ಕಳಿಲ್ಲ. ಆ ಕುರ್ಚಿ ಬಿಟ್ಟರೆ ಊರಿನಲ್ಲಿ ಅವಳಿಗೆ ಬೇರೆ ಗುರುತೇ ಇಲ್ಲ. ‘ನಕ್ಷೆ ಪುರಿಂಗ್’ ಅಂತ ಅಡ್ಡಹೆಸರು ಹೇಳಿದರೆ ಸಾಕು, ಜೀಪ್ನಿ ಬಸ್ಸು ಓಡಿಸೋನೂ ಮನೆ ಮುಂದೆ ಇಳಿಸಿ ಹೋಗ್ತಿದ್ದ.

ಅವಳ ಕಷ್ಟ ಏನಪ್ಪಾ ಅಂದರೆ, ಅವಳ ಕೈಗೆ ಪಾಸ್ಮಾ. ದುಡಿದು ಬಿಸಿಯಾದ ಕೈಯನ್ನು ತಣ್ಣೀರಿಗೆ ಹಾಕಿದರೆ ನರಕ್ಕೆ ಏಟು ಬೀಳುತ್ತದೆ, ಆಮೇಲೆ ಜನ್ಮಪೂರ್ತಿ ಅಂಗೈ ಬೆವರುತ್ತದೆ, ಬೆರಳು ನಡುಗುತ್ತದೆ. ನಮ್ಮಲ್ಲಿ ಇದು ಹಾಲು ಕುಡಿಯೋ ಮಗುವಿಗೂ ಗೊತ್ತು. ಡಾಕ್ಟರುಗಳು ಮಾತ್ರ ಅಂಥ ಕಾಯಿಲೆಯೇ ಇಲ್ಲ ಅಂತಾರೆ. ಅವರಿಗೇನು, ಅವರ ಬಟ್ಟೆ ಬೇರೆಯವರು ಒಗೀತಾರೆ. ಪುರೀತಾ ಚಿಕ್ಕವಳಿದ್ದಾಗ ದಿನವಿಡೀ ಮಸಿಯಲ್ಲಿ ಗೆರೆ ಎಳೆದು, ಸಂಜೆ ಮನೆಗೆ ಹೋಗಿ ಒಂದು ಬಾನಿ ಬಟ್ಟೆ ಒಗೀತಿದ್ದಳು. ಅದರ ಫಲ ಇದು. ಕೀಬೋರ್ಡಿಗೆ ಬೆವರಿನ ಗೊಡವೆ ಇರಲಿಲ್ಲ, ಮೌಸಿಗೂ ಇರಲಿಲ್ಲ. ಮಣಿಕಟ್ಟಿನ ಕೆಳಗೆ ಒಂದು ಟವೆಲ್ ಮಡಚಿಟ್ಟುಕೊಂಡು ಅವಳು ಊರಿನ ಅರ್ಧ ನೆಲಕ್ಕೆ ಗಡಿ ಹಾಕಿದ್ದಳು.

ಗಾಜಿನ ಹಲಗೆ ಹಾಗಲ್ಲವಲ್ಲ. ಅವಳು ಬೆರಳಿಟ್ಟರೆ ಒಂದು ಗೆರೆ ಎರಡಾಯಿತು. ಪೆನ್ನು ಕೊಟ್ಟರು, ಅಂಗೈ ಊರಿದ ಕಡೆ ನೀರು ನಿಂತು ನಕ್ಷೆ ತಾನೇ ತಿರುಗಿ ತಲೆಕೆಳಗಾಯಿತು. ಒರೆಸಿದಳು, ಮತ್ತೆ ಇಟ್ಟಳು. ಒಂದು ಗದ್ದೆ ಹೋಗಿ ಪಕ್ಕದ ಇಗರ್ಜಿಯ ಒಳಗೆ ಕೂತಿತು. ಎದುರಿನ ಮೇಜಿನ ಡಿಯೋನಿ ಹೊಟ್ಟೆ ಹಿಡಿದುಕೊಂಡು ನಗೋಕೆ ಶುರುಮಾಡಿದ.

“ಪುರಿಂಗಕ್ಕಾ, ನಕ್ಷೆ ಬರೀತಿದೀರೋ, ಗದ್ದೆಗೆ ನೀರು ಬಿಡ್ತಿದೀರೋ?”

ಎಲ್ಲರೂ ನಕ್ಕರು. ನಕ್ಷೆಗಾಗಿ ಕಾಯ್ತಾ ಕೂತಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಜೋವೆಲಿನ್. ಇಪ್ಪತ್ತಾರು ವರ್ಷದ ಹುಡುಗಿ, ಪುರೀತಾಳ ಧರ್ಮಮಗಳು. ಜ್ಞಾನಸ್ನಾನದ ದಿನ ಎತ್ತಿಕೊಂಡಿದ್ದು ಪುರೀತಾ, ಮೌಸ್ ಹಿಡಿಯೋದು ಕಲಿಸಿದ್ದು ಪುರೀತಾ, ಕೈ ಹಿಡಿದು ಈ ಕಚೇರಿಗೆ ಕರಕೊಂಡು ಬಂದಿದ್ದೂ ಪುರೀತಾ. ಆ ಹುಡುಗಿ ನಗ್ತಾ ನಗ್ತಾ ಫೋನ್ ತೆಗೆದು, ಗಾಜಿನ ಮೇಲೆ ತಟಕ್ ಅಂತ ಬಿದ್ದ ಬೆವರಿನ ಹನಿಯನ್ನು ವೀಡಿಯೊ ಮಾಡಿ, ‘ಪ್ರವಾಹದ ಎಚ್ಚರಿಕೆ’ ಅಂತ ಬರೆದು ಕಚೇರಿಯ ಗುಂಪಿಗೆ ಹಾಕಿದಳು. ಸಂಜೆಯ ಹೊತ್ತಿಗೆ ಮಾರುಕಟ್ಟೆಯ ಮೀನಿನವಳೂ ಅದನ್ನು ನೋಡಿದ್ದಳು.

ಪುರೀತಾ ಇಂಜಿನಿಯರ್ ಕೋಣೆಗೆ ಹೋಗಿ ನಿಂತಳು.

“ಇಂಜಿನಿಯರ್, ಇದರಲ್ಲಿ ನಮ್ಮ ಕೆಲಸ ಆಗಲ್ಲ. ನಾವು ಅಂಕಿ ಒತ್ತಿ ಬರೆಯೋರು, ಬೆರಳಲ್ಲಿ ಎಳೆಯೋರಲ್ಲ. ದೊಡ್ಡ ತೆರೆ ಬೇಕು, ಹಳೇ ನಕ್ಷೆ ಹೊಸ ನಕ್ಷೆ ಅಕ್ಕಪಕ್ಕ ಇಟ್ಟು ನೋಡಬೇಕು. ಕಂಪ್ಯೂಟರ್ ಆದ್ರೆ ‘ಉಳಿಸಲೇ’ ಅಂತ ಕೇಳುತ್ತೆ. ಇದು ಕೇಳೋದೂ ಇಲ್ಲ, ತಾನೇ ಉಳಿಸಿಬಿಡುತ್ತೆ.”

“ನಿಮ್ಮ ಕಂಪ್ಯೂಟರನ್ನ ತಲೆ ಮೇಲೆ ಹೊತ್ಕೊಂಡು ಬೇಲಿ ಹತ್ರ ಹೋಗ್ತೀರಾ?” ಅಂದ ಅವನು. “ಟ್ಯಾಬ್ಲೆಟ್ ಹೋಗುತ್ತೆ. ಕರೆಂಟ್ ಹೋದ್ರೂ ನಡೆಯುತ್ತೆ. ಇಲ್ಲಿ ಗೆರೆ ಎಳೆದ್ರೆ ಅಲ್ಲಿ ಗಡಿಕಲ್ಲು ಹಾಕೋನ ಕೈಗೆ ಆಗಲೇ ಲೆಕ್ಕ ಸಿಕ್ಕಿರುತ್ತೆ. ಜೋವೆಲಿನ್ ಒಂದು ದಿನದ ಕೆಲಸ ಒಂದು ಹೊತ್ತಿಗೆ ಮುಗಿಸ್ತಾಳೆ. ಕೆಟ್ಟಿರೋದು ಯಂತ್ರ ಅಲ್ಲ ಅಕ್ಕಾ, ನಿಮ್ಮ ಕೈ.”

“ಇದು ಪಾಸ್ಮಾ, ಇಂಜಿನಿಯರ್.”

“ಪಾಸ್ಮಾನೋ ಪಿಶಾಚಿನೋ. ಶನಿವಾರ ಬೆಳಿಗ್ಗೆ ಈ ಟ್ಯಾಬ್ಲೆಟ್ ಕೊಟ್ಟ ಅಂಗಡಿಯವನು ಬಂದು ನಿಮ್ಮ ಕಂಪ್ಯೂಟರ್ ಎತ್ಕೊಂಡು ಹೋಗ್ತಾನೆ. ಮಿಕ್ಕ ಮೂರನ್ನ ಇವತ್ತೇ ಒಯ್ದ, ಉಳಿದಿರೋದು ಅದೊಂದೇ. ಅಲ್ಲೀವರೆಗೆ ಬೇರೆಯವರ ನಕ್ಷೆ ತಪಾಸಣೆ ಮಾಡ್ಕೊಂಡಿರಿ. ಅಷ್ಟರೊಳಗೆ ಕಲಿತ್ರೆ ಸರಿ, ಇಲ್ಲಾಂದ್ರೆ ಮನೇಲಿ ಕೂತ್ಕೊಂಡು ಜಪಮಾಲೆ ಎಣಿಸಿ.”

ಮೂವತ್ತೊಂದು ವರ್ಷ ದುಡಿದವಳಿಗೆ ಅವನು ಹೇಳಿದ್ದು ಇಷ್ಟೇ! ಆಚೆ ಬಂದರೆ ಅವಳ ಕುರ್ಚಿಯ ಮೇಲೆ ಯಾರೋ ನೆಲ ಒರೆಸೋ ಬಟ್ಟೆಯನ್ನು ಉಡುಗೊರೆಯ ಹಾಗೆ ರಿಬ್ಬನ್ ಕಟ್ಟಿ ಇಟ್ಟಿದ್ದರು.

ಕಲಿಯೋಕೆ ಅವಳು ಪಟ್ಟ ಪಾಡು ದೇವರಿಗೇ ಗೊತ್ತು. ಕೈಗೆ ಮಕ್ಕಳ ಪೌಡರ್ ಬಳಿದುಕೊಂಡಳು. ಅದು ಬೆವರಿಗೆ ಕಲೆತು ಗಾಜಿನ ಮೇಲೆ ಹಿಟ್ಟಾಯಿತು. ಹತ್ತಿಯ ಕೈಗವಸು ಹಾಕಿ ಬೆರಳ ತುದಿ ಕತ್ತರಿಸಿಕೊಂಡಳು. ಡಿಯೋನಿ ಅವಳಿಗೆ ‘ಬಾಕ್ಸರ್’ ಅಂತ ಹೆಸರಿಟ್ಟ. ಮಂಗಳವಾರ ಮಧ್ಯಾಹ್ನ ಜೋವೆಲಿನ್ ಪಕ್ಕಕ್ಕೆ ಬಂದು ಕೂತಳು.

“ನಿನಾಂಗ್, ಬಿಟ್ಬಿಡಿ,” ಅಂದಳು. ನಮ್ಮಲ್ಲಿ ಧರ್ಮತಾಯಿಯನ್ನು ಹಾಗೇ ಕರೆಯೋದು. “ಈ ವಯಸ್ಸಲ್ಲಿ ಯಾಕೆ ಈ ಒದ್ದಾಟ? ನಿಮ್ಮ ಕೆಲಸಾನೂ ನಾನೇ ನೋಡ್ಕೋತೀನಿ. ಇಂಜಿನಿಯರ್ ಆಗಲೇ ಕೇಳಿದಾರೆ, ಹ್ಞೂಂ ಅಂದಿದೀನಿ.”

ಪ್ರೀತಿಯಿಂದಲೇ ಹೇಳಿದಳು ಆ ಪೆದ್ದಿ. ವೀಡಿಯೊ ಹಾಕಿದ್ದನ್ನು ಪುರೀತಾ ನುಂಗಿಕೊಂಡಿದ್ದಳು. ಈ ಪ್ರೀತಿಯನ್ನು ಮಾತ್ರ ನುಂಗೋಕೆ ಆಗಲಿಲ್ಲ. ನನ್ನ ಕುರ್ಚಿ ನನಗೇ ಹೇಳದೆ ಹಂಚಿಕೊಂಡುಬಿಟ್ಟರಲ್ಲ, ಅದೂ ನಾನು ಸಾಕಿದವಳು ಅಂತ ಅವಳು ಉರಿದುಹೋದಳು. ಬಾಯಲ್ಲಿ ಮಾತ್ರ, “ಒಳ್ಳೇದಾಯ್ತು ಬಿಡೇ” ಅಂದಳು.

ಬುಧವಾರ ಜೋವೆಲಿನ್ ಹುಟ್ಟಿದ ಹಬ್ಬ. ಹುಟ್ಟಿದ ಹಬ್ಬದವರೇ ಕಚೇರಿಗೆಲ್ಲ ತಿನ್ನಿಸೋದು ನಮ್ಮ ಪದ್ಧತಿ. ದೊಡ್ಡ ತಟ್ಟೆಯ ತುಂಬ ಪಾನ್ಸಿತ್ ಶಾವಿಗೆ, ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಲುಂಪಿಯಾ ಸುರುಳಿ ಬಂದಿತ್ತು. ತಿನ್ನೋ ಮೊದಲು ಜೋವೆಲಿನ್ ಒಂದು ನಕ್ಷೆಯನ್ನು ತಪಾಸಣೆಗೆ ಅಂತ ಟ್ಯಾಬ್ಲೆಟ್ ಸಮೇತ ತಂದು ಪುರೀತಾಳ ಮೇಜಿನ ಮೇಲಿಟ್ಟಳು. ನೆಲ್ಫಾ, ಕ್ಲೋತಿಲ್ಡಾ ಅಂತ ಇಬ್ಬರು ಅಕ್ಕತಂಗಿಯರ ಪಾಲು ಅದು. ಬೀದಿಗೆ ಮುಖ ಮಾಡಿದ ಇಪ್ಪತ್ತೆಂಟು ಮೀಟರ್ ನಲವತ್ತು ಸೆಂಟಿಮೀಟರ್ ಅಗಲದ ಜಾಗ, ಸರಿಯಾಗಿ ಎರಡು ಭಾಗ. ಅಕ್ಕ ನೆಲ್ಫಾಳದ್ದು ಬಾಚೊಯ್ ಅಂಗಡಿ. ಹಂದಿಯ ಮೂಳೆ ಕುದಿಸಿದ ಸಾರಿಗೆ ಶಾವಿಗೆ ಹಾಕಿ ಕೊಡ್ತಾಳಲ್ಲ, ಲಾ ಪಾಜ್‌ನಲ್ಲಿ ಅದನ್ನು ಉಣ್ಣದವರಿಲ್ಲ. ಅವಳ ಒಲೆ ಗಡಿಗೆ ಒಂದೇ ಮೀಟರ್ ಈಚೆಗೆ. ತಂಗಿ ಕ್ಲೋತಿಲ್ಡಾಗೆ ಆ ಹೊಗೆ ಕಂಡರೆ ಆಗದು, ಅಕ್ಕನನ್ನು ಕಂಡರಂತೂ ಆಗಲೇ ಆಗದು.

ಪುರೀತಾ ಒಂದೊಂದು ಅಂಕಿಯನ್ನೂ ಹಳೇ ಕಾಗದಕ್ಕೆ ಹೋಲಿಸಿ ನೋಡಿದಳು. ಎಲ್ಲ ಸರಿಯಿತ್ತು. ಹುಡುಗಿಯ ಕೆಲಸ ಚೊಕ್ಕ, ಅದನ್ನು ಇಲ್ಲ ಅನ್ನೋ ಹಾಗಿಲ್ಲ. ತಪಾಸಣೆಯ ಚೀಟಿಯಲ್ಲಿ ‘ನೆಲ್ಫಾ 14.20, ಕ್ಲೋತಿಲ್ಡಾ 14.20’ ಅಂತ ಬರೆದು ತನ್ನ ಚಿಕ್ಕ ಸಹಿ ಹಾಕಿದಳು. ಆ ಸಹಿ ಇದ್ದರೆ ಇಂಜಿನಿಯರ್ ಕಣ್ಣುಮುಚ್ಚಿ ಮುದ್ರೆ ಒತ್ತುತ್ತಿದ್ದ.

“ನಿನಾಂಗ್, ಮೊದಲ ತಟ್ಟೆ ನಿಮಗೆ. ಉದ್ದ ಶಾವಿಗೆನೇ ಹಾಕ್ತೀನಿ, ಆಯಸ್ಸು ಗಟ್ಟಿಯಾಗಲಿ!” ಅಂತ ಜೋವೆಲಿನ್ ಆ ಕಡೆ ತಿರುಗಿದಳು.

ಅಷ್ಟರಲ್ಲಿ ಪುರೀತಾಳ ಮಣಿಕಟ್ಟಿನಿಂದ ಒಂದು ಹನಿ ಜಾರಿ ಗಾಜಿನ ಮೇಲೆ ಬಿತ್ತು. ಸಹಜವಾಗಿ ಹೆಬ್ಬೆರಳಲ್ಲಿ ಒರೆಸಿದಳು. ಹೆಬ್ಬೆರಳು ಹೋದ ಕಡೆ ನಡುವಿನ ಗೆರೆಯೂ ಹೋಯಿತು. ಅವಳ ಕಣ್ಣೆದುರಿಗೇ ನೆಲ್ಫಾಳ ಪಾಲು 14.20 ಇದ್ದದ್ದು 11.80 ಆಯಿತು, ಆಚೆ ಕಡೆ 16.60 ಆಯಿತು. ಕೆಳಗಿನ ಅಳತೆಪಟ್ಟಿಯೂ ತಾನೇ ತಿದ್ದಿಕೊಂಡಿತು. ಮೂಲೆಯಲ್ಲಿ ‘ಉಳಿಸಲಾಗಿದೆ’ ಅಂತ ಚಿಕ್ಕದಾಗಿ ಬಂದು ಮಾಯವಾಯಿತು.

ಹಿಂದಕ್ಕೆ ತರೋಕೆ ಒಂದು ಬಾಗಿದ ಬಾಣದ ಗುರುತು ಇತ್ತು. ಒಂದು ಸಲ ಮುಟ್ಟಿದರೆ ಸಾಕು. ಅಷ್ಟು ಅವಳಿಗೂ ಬರ್ತಿತ್ತು. ಬೆರಳನ್ನು ಸ್ಕರ್ಟಿಗೆ ಒರೆಸಿಕೊಂಡು ಬಾಣದ ಹತ್ತಿರಕ್ಕೆ ತಂದಳೂ ಕೂಡ. ಆಮೇಲೆ ಆ ಕಡೆ ನೋಡಿದಳು. ಡಿಯೋನಿ ಲುಂಪಿಯಾ ಬಾಯಿಗೆ ಹಾಕಿಕೊಂಡು ಅವಳ ಹಾಗೇ ಕೈ ನಡುಗಿಸಿ ತೋರಿಸ್ತಿದ್ದ, ಜೋವೆಲಿನ್ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕಿಸ ನಗ್ತಿದ್ದಳು. ಪುರೀತಾ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ತೆರೆ ತಾನೇ ಆರಿಹೋಯಿತು.

“ನೋಡಿದ್ರಾ ನಿನಾಂಗ್?”

“ನೋಡಿದೆ. ಚೆನ್ನಾಗಿದೆ. ತಗೊಂಡ್ ಹೋಗು.”

ಶಾವಿಗೆಯನ್ನು ತಟ್ಟೆ ಕಾಣೋವರೆಗೆ ತಿಂದಳು.

ಅವಳೇನು ರಾಕ್ಷಸಿಯಲ್ಲ ಕಣ್ರೀ. ಆ ರಾತ್ರಿ ಮಲಗೋ ಮುಂಚೆ, ನಾಳೆ ಬೆಳಿಗ್ಗೆ ಹೇಳಿದರಾಯಿತು, ಕಲ್ಲು ಹಾಕೋದು ಶುಕ್ರವಾರ ತಾನೇ ಅಂತ ಅಂದುಕೊಂಡಳು. ಇಂಜಿನಿಯರ್ ಮುಂದೆ ನಕ್ಷೆ ತೆಗೆದಿಟ್ಟು, ‘ನೋಡಿ ನಿಮ್ಮ ಟ್ಯಾಬ್ಲೆಟ್ ಮಾಡಿದ ಘನಂದಾರಿ ಕೆಲಸ’ ಅಂತ ತೋರಿಸೋದು, ಎಲ್ಲರ ಬಾಯಿ ಮುಚ್ಚಿಸೋದು, ಕಂಪ್ಯೂಟರ್ ಉಳಿಸಿಕೊಳ್ಳೋದು. ಯಾರಿಗೂ ನಷ್ಟವಿಲ್ಲ. ಗುರುವಾರ ಬೆಳಿಗ್ಗೆ ಇದೇ ಮಾತು ತುಟಿಯಲ್ಲಿಟ್ಟುಕೊಂಡು ಒಳಗೆ ಹೋದಳು. ಇಂಜಿನಿಯರ್ ತಲೆಯೆತ್ತಲೂ ಇಲ್ಲ.

“ಕಲಿತ್ರಾ?”

“ಇಂಜಿನಿಯರ್, ಒಂದು ನಕ್ಷೆ ವಿಷಯ...”

“ನಕ್ಷೆ ವಿಷಯ ಇದ್ರೆ ಜೋವೆಲಿನ್‌ಗೆ ಹೇಳಿ. ಸೋಮವಾರದಿಂದ ತಪಾಸಣೆನೂ ಅವಳೇ. ಹಾಂ, ನಿಮ್ಮ ಮೇಜಿನ ಖಾನೆ ಖಾಲಿ ಮಾಡಿಡಿ, ಅಂಗಡಿಯವನಿಗೆ ಮೇಜೂ ಬೇಕಂತೆ.”

ಅವಳು, “ಸರಿ, ಇಂಜಿನಿಯರ್” ಅಂದಳು. ನಮ್ಮ ಜನಕ್ಕೆ ಇದೊಂದು ಶಾಪ. ಎದೆಯ ಮೇಲೆ ಕಾಲಿಟ್ಟರೂ ಮೊದಲು ಸರಿ ಅಂತೀವಿ. ಆಚೆ ಬಂದು ತನ್ನ ಕಂಪ್ಯೂಟರಿನ ಮುಂದೆ ಕೂತಳು. ತೋರಿಸಿ ಏನು ಪ್ರಯೋಜನ? ಒಂದು ಗೆರೆ ಅಂತಾರೆ, ತಿದ್ದುತ್ತಾರೆ, ನಗ್ತಾರೆ, ಶನಿವಾರ ತನ್ನನ್ನು ಮನೆಗೆ ಕಳಿಸ್ತಾರೆ. ತಿದ್ದೋಕೆ ಬರೋ ತಪ್ಪಿಗೆ ಈ ಮನುಷ್ಯ ಬಗ್ಗೋನಲ್ಲ ಅಂತ ಅವಳಿಗೆ ಆಗ ಸ್ಪಷ್ಟವಾಯಿತು. ಖಾನೆಯಿಂದ ಅವಳು ಒಂದು ಪೆನ್ಸಿಲನ್ನೂ ತೆಗೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುಡುಗರು ಟ್ಯಾಬ್ಲೆಟ್ ಹಿಡಿದುಕೊಂಡು ಹೋಗಿ, ಅದು ಹೇಳಿದ ಜಾಗದಲ್ಲಿ ಸಿಮೆಂಟಿನ ಗಡಿಕಲ್ಲು ಹುಗಿದರು. ಒಂದು ಕಲ್ಲು ನೆಲ್ಫಾಳ ಒಲೆಗಿಂತ ಈಚೆಗೆ, ಅಡಿಗೆಮನೆಯ ನಡುಮಧ್ಯಕ್ಕೆ ಬಂತು. ನೆಲ್ಫಾ ಬಾಯಿ ಬಡಿದುಕೊಂಡಳು. ಹುಡುಗರು, “ನಾವೇನು ಮಾಡೋದು ಅಜ್ಜಿ, ಮುದ್ರೆ ಒತ್ತಿದ ನಕ್ಷೆ ಇದು” ಅಂತ ಕೈ ಝಾಡಿಸಿಕೊಂಡು ಬಂದುಬಿಟ್ಟರು. ಕ್ಲೋತಿಲ್ಡಾ ಇನ್ನು ಕಾಯ್ತಾಳೆಯೇ? ಊಟದ ಹೊತ್ತಿಗೆ ಸುತ್ತಿಗೆ ಹಿಡಿದ ಮೂವರನ್ನು ಕರಕೊಂಡು ಬಂದಳು. “ನನ್ನ ನೆಲದ ಮೇಲೆ ನಿನ್ನ ಒಲೆ ಯಾಕೆ ಉರೀಬೇಕು? ಒಡೀರೋ!” ಅಂದಳು. ಒಲೆಯ ಮೇಲೆ ಸಾರು ಕುದೀತಾ ಇತ್ತು. ನೆಲ್ಫಾ ಹಂಡೆಯನ್ನು ತಬ್ಬಿಕೊಳ್ಳೋ ಹಾಗೆ ಅಡ್ಡ ನಿಂತಳು. ಮೊದಲನೇ ಏಟಿಗೇ ಒಲೆ ಕುಸಿದು ಹಂಡೆ ಮಗುಚಿತು. ಸೊಂಟದಿಂದ ಕೆಳಗೆ ಸುಟ್ಟುಹೋದಳು ಅರವತ್ತೇಳು ವರ್ಷದ ಮುದುಕಿ. ಅವಳ ಕೂಗು ಎರಡು ಬೀದಿ ದಾಟಿ ಕಚೇರಿಯವರೆಗೂ ಕೇಳಿಸಿತು. ಏನಾಯಿತು ಅಂತ ಎಲ್ಲರೂ ಓಡಿದರು. ಪುರೀತಾ ಒಬ್ಬಳೇ ಎದ್ದೇಳಲಿಲ್ಲ.

ಒಲೆ ಹೋಗಬಹುದು, ಜಗಳ ಆಗಬಹುದು ಅಂದುಕೊಂಡಿದ್ದಳೇ ಹೊರತು ಇದನ್ನು ಅವಳು ನೆನೆಸಿರಲಿಲ್ಲ. ಅಯ್ಯೋ ದೇವರೇ ಅಂದಳು. ಆದರೆ ಅದರ ಬೆನ್ನಿಗೇ, ಇನ್ನು ಹೇಳೋ ಹಾಗೇ ಇಲ್ಲ ಅಂತಲೂ ಅವಳಿಗೆ ಅನ್ನಿಸಿತು. ಈ ಎರಡನೆಯ ಮಾತೇ ಮನಸ್ಸಿನಲ್ಲಿ ಕೂತಿತು.

ಶನಿವಾರ ಬೆಳಿಗ್ಗೆ ಇಂಜಿನಿಯರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ನೆಲ್ಫಾಳ ಮಗ ವಕೀಲರನ್ನು ಕರಕೊಂಡು ಬಂದು ಹೋಗಿದ್ದ. ಇಂಜಿನಿಯರ್ ಮುಖ ಬೂದಿಯಾಗಿತ್ತು. ಒಂದು ಕೈಯಲ್ಲಿ ಟ್ಯಾಬ್ಲೆಟ್, ಒಂದು ಕೈಯಲ್ಲಿ ಪುರೀತಾಳ ಚೀಟಿ.

“ಪುರಿಂಗಕ್ಕ ನೋಡಿದಾಗ ಹದಿನಾಲ್ಕು ಇಪ್ಪತ್ತು. ಚೀಟೀಲಿ ಇದೆ. ಇದರಲ್ಲಿ ಹನ್ನೊಂದು ಎಂಬತ್ತು. ಹಾಗಾದ್ರೆ ಆಮೇಲೆ ಯಾರು ಮುಟ್ಟಿದ್ದು?”

“ನಾನು ಮುಟ್ಟಿಲ್ಲ ಇಂಜಿನಿಯರ್,” ಅಂದಳು ಜೋವೆಲಿನ್. “ನಿನಾಂಗ್ ಕೈಯಿಂದ ತಗೊಂಡವಳು ಹಾಗೇ ನಿಮಗೆ ಕೊಟ್ಟೆ. ನಿನಾಂಗ್, ನೀವೇ ಹೇಳಿ. ನೀವು ಅಲ್ಲೇ ಇದ್ರಲ್ಲ.”

ಎಲ್ಲರೂ ಪುರೀತಾಳ ಕಡೆ ತಿರುಗಿದರು. ಆ ವಾರದಲ್ಲಿ ಅವಳನ್ನು ನಗದೆ ನೋಡಿದ್ದು ಅದೇ ಮೊದಲು.

“ಲುಂಪಿಯಾ ತಿಂತಾ ಇದ್ಲು, ಇಂಜಿನಿಯರ್,” ಅಂದಳು ಪುರೀತಾ, ನಿಧಾನವಾಗಿ. “ಎಣ್ಣೆ ಕೈಯಲ್ಲೇ ತೆರೆ ಮೇಲೆ ಏನೋ ಎಳೀತಾ ಇದ್ಲು. ಹುಟ್ಟಿದ ಹಬ್ಬ, ಖುಷೀಲಿದಾಳೆ, ನಾನ್ಯಾಕೆ ಬಯ್ಲಿ ಅಂತ ಸುಮ್ಮನಿದ್ದೆ. ಅದು ಕೇಳದೆ ಉಳಿಸುತ್ತೆ ಅಂತ ನಾನು ಸೋಮವಾರಾನೇ ನಿಮಗೆ ಹೇಳಿದ್ದೆ.”

ಡಿಯೋನಿ ಇದ್ದಾನಲ್ಲ, ಆ ಪುಣ್ಯಾತ್ಮ, ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡಿ, “ಹೌದು ಇಂಜಿನಿಯರ್, ನಾನೂ ನೋಡಿದೆ” ಅಂದುಬಿಟ್ಟ. ಇಂಜಿನಿಯರಿಗೂ ಒಬ್ಬರ ಹೆಸರು ಬೇಕಿತ್ತು, ವಕೀಲರಿಗೆ ಕೊಡೋಕೆ. ಜೋವೆಲಿನ್ ಹೆಸರು ಬರೆದುಕೊಂಡ. ಪೊಲೀಸರು ಕರೆದರೆ ಹೋಗಬೇಕು, ಈ ಊರಿನ ಯಾವ ಸರ್ವೆ ಕಚೇರಿಯಲ್ಲೂ ಅವಳು ಮತ್ತೆ ಪೆನ್ಸಿಲ್ ಹಿಡಿಯದ ಹಾಗೆ ತಾನೇ ಫೋನ್ ಮಾಡ್ತೀನಿ ಅಂದ. ಅಷ್ಟರಲ್ಲಿ ಬಾಗಿಲಿಗೆ ಅಂಗಡಿಯವನ ಗಾಡಿ ಬಂತು. ಇಂಜಿನಿಯರ್ ಹೊರಗೆ ಹೋಗಿ ಅವನನ್ನು ಬೈದು ಕಳಿಸಿದ. ಸೋಮವಾರ ಒಯ್ದ ಮೂರು ಕಂಪ್ಯೂಟರೂ ವಾಪಸ್ ತಂದುಕೊಡು, ಈ ಗಾಜಿನ ಹಲಗೆಗಳನ್ನು ನೀನೇ ಇಟ್ಟುಕೋ ಅಂದ. ಒಳಗೆ ಬಂದವನೇ, “ಅಕ್ಕಾ, ನಿಮ್ಮ ಮಾತು ಕೇಳಬೇಕಿತ್ತು ನಾನು” ಅಂದ. ಮೂವತ್ತೊಂದು ವರ್ಷದಲ್ಲಿ ಅವನ ಬಾಯಿಂದಾಗಲಿ, ಅವನಿಗೂ ಮುಂಚೆ ಕಚೇರಿ ನಡೆಸ್ತಿದ್ದ ಅವನ ಅಪ್ಪನ ಬಾಯಿಂದಾಗಲಿ ಅವಳು ಇಂಥ ಮಾತು ಕೇಳಿರಲಿಲ್ಲ. ಹಾಳು ಮನಸ್ಸು, ಆ ಗಳಿಗೆಯಲ್ಲೂ ಅರಳಿತು.

ಮಧ್ಯಾಹ್ನ ಅವಳು ಊಟಕ್ಕೆಂದು ಹೊರಗೆ ಬಂದಾಗ ಜೋವೆಲಿನ್ ಜೀಪ್ನಿ ನಿಲ್ಲೋ ಕಡೆ ಬಿಸಿಲಲ್ಲೇ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. ಪುರೀತಾ ದಾಟಿ ಹೋಗಬೇಕೆಂದಿದ್ದಳು, ಹುಡುಗಿ ತೋಳು ಹಿಡಿದುಕೊಂಡಳು.

“ನಿನಾಂಗ್, ಬುಧವಾರ ನಿಮ್ಮ ಕೈಯಿಂದ ತಗೊಂಡಾಗ ಗಾಜು ಒದ್ದೆ ಇತ್ತು. ಹೆಬ್ಬೆರಳಿನ ಗುರುತಿತ್ತು. ನಾನೇ ಒರೆಸಿದೆ. ಅವತ್ತು ಅದೇನೂ ಅನ್ನಿಸಲಿಲ್ಲ. ಇವತ್ತು ಬೆಳಿಗ್ಗೆ ಚೀಟಿ ನೋಡಿದಾಗ ಗೊತ್ತಾಯ್ತು.”

“ಗೊತ್ತಾಗಿದ್ರೆ ಅಲ್ಲೇ ಹೇಳಬೇಕಿತ್ತು.”

“ಹೇಗೆ ಹೇಳಲಿ? ನನ್ನನ್ನ ಎತ್ತಿ ಆಡಿಸಿದವರು ನೀವು. ಎಲ್ಲರ ಮುಂದೆ ನಿಮ್ಮ ಕಡೆ ಬೆರಳು ತೋರಿಸಲಾ? ನೀವೇ ಹೇಳ್ತೀರಿ ಅಂತ ಕಾಯ್ತಾ ನಿಂತಿದ್ದೆ. ಕೊನೇವರೆಗೂ ಕಾಯ್ತಾ ಇದ್ದೆ, ನಿನಾಂಗ್.” ಹುಡುಗಿ ಮೂಗು ಒರೆಸಿಕೊಂಡಳು. “ಇಂಜಿನಿಯರಿಗೆ ಹೇಳೋದು ಬೇಡ. ಕೆಲಸಾನೂ ಬೇಡ. ನಂಗೊಬ್ಬಳಿಗೇ ಒಂದು ಮಾತು ಹೇಳಿ ಸಾಕು. ಅದು ಕೈ ತಪ್ಪಿ ಆಗಿದ್ದು ತಾನೇ? ಹೌದು ಅಂದ್ಬಿಡಿ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಪೊಲೀಸರ ಹತ್ರಾನೂ ನಾನೇ ಮಾಡಿದ್ದು ಅಂತೀನಿ.”

ಹೌದು ಅಂದಿದ್ದರೆ ಸುಳ್ಳೂ ಆಗ್ತಿರಲಿಲ್ಲ. ಹನಿ ಬಿದ್ದಿದ್ದು ಕೈ ತಪ್ಪಿಯೇ, ಒರೆಸಿದ್ದೂ ಕೈ ತಪ್ಪಿಯೇ. ಪುರೀತಾ ಹುಡುಗಿಯ ಮುಖ ನೋಡಿದಳು. ಇಷ್ಟು ಗೊತ್ತಿದ್ದೂ ತನ್ನನ್ನು ಕಾಪಾಡೋಕೆ ನಿಂತಿದ್ದಾಳಲ್ಲ ಅಂತ ಅವಳಿಗೆ ಕರುಣೆ ಬರಬೇಕಿತ್ತು. ಬಂದಿದ್ದು ಸಿಟ್ಟು. ಒಂದು ಸಲ ಹೌದು ಅಂದರೆ ಜೀವನಪೂರ್ತಿ ಇವಳ ದಯೆಯಲ್ಲಿ ಆ ಕುರ್ಚಿಯ ಮೇಲೆ ಕೂರಬೇಕು. ಅವಳು ತೋಳು ಬಿಡಿಸಿಕೊಂಡಳು.

“ಟ್ಯಾಬ್ಲೆಟ್ ಮೇಲೆ ಇಂಥ ಕೆಲಸ ಮಾಡಬಾರದು ಕಣೇ,” ಅಂದಳು. “ಕಂಪ್ಯೂಟರ್ ಆಗಿದ್ರೆ ಹೀಗಾಗ್ತಿರ್ಲಿಲ್ಲ.”

ಜೀಪ್ನಿ ಬಂತು, ತುಂಬಿಕೊಂಡು ಹೋಯಿತು, ಹುಡುಗಿ ಹತ್ತಲಿಲ್ಲ. ಪುರೀತಾ ಊಟ ಮಾಡಿ ಬಂದಾಗಲೂ ಅಲ್ಲೇ ಇದ್ದಳು. ಪುರೀತಾ ರಸ್ತೆಯ ಇನ್ನೊಂದು ಪಕ್ಕದಿಂದ ಕಚೇರಿಗೆ ಬಂದು ಕೂತು, ಸಂಜೆಯೊಳಗೆ ಎರಡು ನಕ್ಷೆ ಮುಗಿಸಿದಳು. ಎರಡರಲ್ಲೂ ಕೂದಲೆಳೆಯಷ್ಟು ತಪ್ಪಿರಲಿಲ್ಲ.